ಎಂಜಿನ್ ಒಂದು, ಕೆಲಸ ಹನ್ನೊಂದು

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ರಜೆ, ಬೋನಸ್ಸಿನ ವಿಚಾರ ಮಾತನಾಡುವ ಸರದಿ ಇವತ್ತು ಬೇರೆಯವರದು. ನಮಗೆ ಒಪ್ಪಿಸಿದ ವಿಷಯ ಒಂದು ಕಾರಿನ ಎಂಜಿನಿನದು. ಹೋಟೆಲಿನಲ್ಲಿ ತಟ್ಟೆ ಎತ್ತಿ, ಟೇಬಲ್ ಒರೆಸಿ, ಆಮೇಲೆ ಸಂಘದ ಕೆಲಸಕ್ಕೆ ಬಂದವರಿಗೆ ಕಾರಿನ ಮಾತು ಯಾಕೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದಾರೆ. ನಗಲಿ. ಇದರಲ್ಲಿ ಅವರ ಹಣವೂ ಇದೆ ಎಂದು ತಿಳಿದ ಮೇಲೆ ಕಿವಿಗೊಟ್ಟು ಕೇಳುತ್ತಾರೆ.

ನಮ್ಮ ಪರಸ್ಪರ ಸಹಾಯ ನಿಧಿಗೆ ಕಳೆದ ತಿಂಗಳು ಒಂದು ಅರ್ಜಿ ಬಂದಿದೆ. ಬರೆದವರು ನಾಲ್ವರು ಗೆಳೆಯರು. ಮೂವರು ಸಪ್ಲಾಯರು, ಒಬ್ಬರು ಡ್ರೈವರು. ನಾಲ್ವರೂ ಕೂಡಿ ಒಂದು ಹಳೆಯ ಅಂಬಾಸಿಡರ್ ಕಾರು ಕೊಳ್ಳುವವರಿದ್ದಾರೆ. ಕಾರಿನ ಎಂಜಿನ್ ಸವೆದಿದೆ. ಅದನ್ನು ಇಳಿಸಿ, ಬಲವಾದ ಬೇರೊಂದು ಎಂಜಿನ್ ಕೂರಿಸಿ, ಬಣ್ಣ ಹೊಡೆಸಿ, ಹೂವಿನ ಹಾರ ಹಾಕಿ ಮದುವೆ ಮುಂಜಿಗಳಿಗೆ ಬಾಡಿಗೆಗೆ ಬಿಟ್ಟರೆ ಎರಡು ವರ್ಷದಲ್ಲಿ ಸಾಲ ತೀರುತ್ತದೆ, ಮೂರನೆಯ ವರ್ಷದಿಂದ ಲಾಭ ಎಂಬುದು ಅವರ ಲೆಕ್ಕ. ಅರ್ಜಿಯಲ್ಲಿ ಖರ್ಚಿನ ಪಟ್ಟಿ ಎರಡೇ ಸಾಲು. ಒಂದು, ಕಾರಿನ ಬೆಲೆ. ಎರಡು, ಎಂಜಿನಿನ ಬೆಲೆ.

ಈ ನಿಧಿಯ ಹಣ ಎಲ್ಲಿಂದ ಬಂತು ಎಂಬುದು ನಿಮಗೆ ಗೊತ್ತು. ಮೋರಿಯ ಹತ್ತಿರ ನಿಂತು ಪಾತ್ರೆ ತೊಳೆಯುವ ಹುಡುಗ ತಿಂಗಳ ಪಗಾರದಲ್ಲಿ ತೆಗೆದಿಟ್ಟದ್ದು ಇದರಲ್ಲಿದೆ. ಮಗಳ ಹೆರಿಗೆಗೆ, ತಾಯಿಯ ಆಸ್ಪತ್ರೆಗೆ, ಊರಿನಿಂದ ಸಾವಿನ ಸುದ್ದಿ ಬಂದಾಗ ರೈಲಿಗೆ ಎಂದು ಕೂಡಿಟ್ಟದ್ದು ಇದು. ಇಂಥ ಹಣವನ್ನು ಒಂದು ಎಂಜಿನಿಗೆ ಕೊಡುವುದಾದರೆ ಆ ಎಂಜಿನ್ ಏನೇನು ಕೇಳುತ್ತದೆ ಎಂಬುದನ್ನು ಮೊದಲು ತಿಳಿಯತಕ್ಕದ್ದು. ಆದುದರಿಂದ ಕಾರ್ಯಕಾರಿ ಸಮಿತಿಯವರು ನಮ್ಮನ್ನು ವಿಚಾರಿಸಿ ಬರಲು ಕಳುಹಿಸಿದರು. ವಿಚಾರಿಸಿ ತಂದದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಊರಿನಲ್ಲಿ ಅಜ್ಜಿಯಂದಿರು ಹೇಳುತ್ತಿದ್ದ ಸನ್ಯಾಸಿಯ ಕತೆ ನಿಮಗೆ ನೆನಪಿರಬಹುದು. ಸನ್ಯಾಸಿಯ ಕೌಪೀನವನ್ನು ಇಲಿ ಕಡಿಯಿತು. ಇಲಿಗೆಂದು ಬೆಕ್ಕು ಸಾಕಿದ. ಬೆಕ್ಕಿಗೆ ಹಾಲು ಬೇಕೆಂದು ಹಸು ತಂದ. ಹಸುವಿಗೆ ಹುಲ್ಲು ಬೇಕೆಂದು ಗದ್ದೆ ಮಾಡಿದ. ಗದ್ದೆ ನೋಡಿಕೊಳ್ಳಲು ಹೆಂಡತಿ ಬಂದಳು. ಕಡೆಗೆ ಸನ್ಯಾಸಿ ಹೋಗಿ ಸಂಸಾರಿಯಾದ. ಹಳೆಯ ಕಾರಿಗೆ ಎಂಜಿನ್ ಬದಲಿಸುವ ಕೆಲಸವೂ ಇದೇ ದಾರಿಯದು. ಒಂದು ವ್ಯತ್ಯಾಸ ಮಾತ್ರ ಇದೆ. ಸನ್ಯಾಸಿ ಬೇಡವೆಂದರೆ ನಡುವೆ ಎಲ್ಲಿಯಾದರೂ ನಿಲ್ಲಿಸಬಹುದಿತ್ತು. ಕಾರಿನ ಕೆಲಸವನ್ನು ನಡುವೆ ನಿಲ್ಲಿಸಿದರೆ ಕೈಯಲ್ಲಿ ಉಳಿಯುವುದು ಹಳೆಯ ಕಾರೂ ಅಲ್ಲ, ಹೊಸ ಕಾರೂ ಅಲ್ಲ, ಬರಿಯ ಗುಜರಿ.

ನಾವು ವಿಚಾರಿಸಿದ್ದು ನಮ್ಮವರೇ ಆದ ಒಬ್ಬ ಹಿರಿಯರನ್ನು. ಎಳೆಯ ವಯಸ್ಸಿನಲ್ಲಿ ಪರಳದ ಗಿರಣಿಯೊಂದರಲ್ಲಿ ಫಿಟ್ಟರ್ ಕೆಲಸಕ್ಕೆ ಸೇರಿದವರು. 1982ರ ಮುಷ್ಕರದ ನಂತರ ಗಿರಣಿಯ ಬಾಗಿಲು ಮುಚ್ಚಿತು. ಆಮೇಲೆ ಕುರ್ಲಾದ ವರ್ಕ್‌ಶಾಪುಗಳಲ್ಲಿ ಕೈಕೆಲಸ ಮಾಡಿ ಮಕ್ಕಳನ್ನು ಓದಿಸಿದರು. ನಾವೆಲ್ಲ ಅವರನ್ನು ಫಿಟ್ಟರಣ್ಣ ಎಂದೇ ಕರೆಯುತ್ತೇವೆ. 2022ರಲ್ಲಿ ಅವರು 1978ರ ಒಂದು ಅಂಬಾಸಿಡರ್ ಕೊಂಡರು. ಬಾಡಿಗೆಗಲ್ಲ, ಲಾಭಕ್ಕಲ್ಲ. ಮನೆಯವರನ್ನು ಕೂರಿಸಿಕೊಂಡು ಒಮ್ಮೆ ಕುಂದಾಪುರದ ಊರಿಗೆ ತಾವೇ ಓಡಿಸಿಕೊಂಡು ಹೋಗಬೇಕೆಂಬ ಆಸೆ. ಪನ್ವೇಲ್ ದಾಟಿ, ಪೋಲಾದಪುರದ ಆಚೆ ಕಶೇಡಿ ಘಾಟಿ ಏರುವಾಗ ಹಳೆಯ ಎಂಜಿನ್ ಉಬ್ಬಸ ಬಿಡುತ್ತದೆ, ಅದಕ್ಕೇ ಎಂಜಿನ್ ಬದಲಿಸುವುದು ಎಂದು ನಿಶ್ಚಯಿಸಿದರು. ಹದಿನೈದು ದಿನದ ಕೆಲಸ ಎಂದು ಗ್ಯಾರೇಜಿನವರು ಹೇಳಿದರು. ಕಾರು ರಸ್ತೆಗೆ ಇಳಿಯಲು ಹದಿನಾಲ್ಕು ತಿಂಗಳು ಬೇಕಾಯಿತು. ನಮ್ಮ ರಜೆಯ ದಿನಗಳಲ್ಲಿ ಹೋಗಿ ನಾವು ಅದನ್ನು ಕಂಡಿದ್ದೇವೆ. ಅವರು ಪ್ರತಿಯೊಂದು ಖರ್ಚನ್ನೂ ನೂರು ಹಾಳೆಯ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅದನ್ನು ನಮಗೆ ತೋರಿಸಿದರು.

ಮೊದಲು ಕಾರಿನ ಸಂಗತಿ ಕೇಳಿ. ಅಂಬಾಸಿಡರ್ ಎಂಬುದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಬಂದದ್ದು. ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್‌ನವರು 1950ರ ದಶಕದ ಕೊನೆಯಿಂದ 2014ರ ತನಕ ಅದನ್ನು ತಯಾರಿಸಿದರು. ಬಹುಕಾಲ ಅದರಲ್ಲಿ ಇದ್ದದ್ದು 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್, ಶಕ್ತಿ ಸುಮಾರು 55 ಅಶ್ವಶಕ್ತಿ. 1992ರಲ್ಲಿ ಕಾರ್ಖಾನೆಯವರೇ ಇದೇ ಕಾರಿಗೆ ಜಪಾನಿನ ಇಸುಜು ಎಂಜಿನ್ ಹಾಕಿದರು. ಅದು 1817 ಸಿ.ಸಿ., ಸುಮಾರು 75 ಅಶ್ವಶಕ್ತಿ. ಹಳೆಯ ಅಂಬಾಸಿಡರ್ ಇರುವವರ ಕಣ್ಣು ಈ ಇಸುಜು ಎಂಜಿನಿನ ಮೇಲೆ ಬೀಳುವುದು ಸಹಜ. ಒಂದೇ ಮನೆಯ ಕಾರು, ಹೊರಗಿನ ಮೈ ಹೆಚ್ಚುಕಡಿಮೆ ಅದೇ, ಶಕ್ತಿ ಮೂರನೇ ಒಂದು ಪಾಲಿಗಿಂತ ಹೆಚ್ಚು. ಒಂದನ್ನು ಎತ್ತಿ ಇನ್ನೊಂದನ್ನು ಇಟ್ಟರೆ ಆಯಿತು ಎಂದು ಕಾಣುತ್ತದೆ. ನಮ್ಮ ನಾಲ್ವರು ಗೆಳೆಯರಿಗೂ ಹಾಗೆಯೇ ಕಂಡಿದೆ.

ಆದರೆ ಕಾರ್ಖಾನೆಯವರು ಆಗ ಏನು ಮಾಡಿದರು ಎಂಬುದನ್ನು ನೋಡಿ. ಅವರು ಎಂಜಿನ್ ಒಂದನ್ನೇ ಬದಲಿಸಲಿಲ್ಲ. ನಾಲ್ಕು ಗೇರಿನ ಪೆಟ್ಟಿಗೆ ಹೋಗಿ ಐದು ಗೇರಿನದು ಬಂತು. ಸ್ಟಿಯರಿಂಗ್ ಕಂಬದಲ್ಲಿದ್ದ ಗೇರಿನ ಹಿಡಿ ನೆಲಕ್ಕೆ ಬಂತು. ನಡುವೆ ಇದ್ದ ಮೀಟರುಗಳು ಡ್ರೈವರನ ಎದುರಿಗೆ ಬಂದವು. ದೊಡ್ಡ ಕಾರ್ಖಾನೆಯೇ ಒಂದಕ್ಕೆ ಕೈ ಹಾಕಿದಾಗ ನಾಲ್ಕಕ್ಕೆ ಕೈ ಹಾಕಬೇಕಾಯಿತು ಎಂದ ಮೇಲೆ ಗಲ್ಲಿಯ ಗ್ಯಾರೇಜಿನಲ್ಲಿ ಒಂದರಲ್ಲೇ ಹೇಗೆ ಮುಗಿದೀತು?

ಫಿಟ್ಟರಣ್ಣನ ನೋಟುಪುಸ್ತಕದಲ್ಲಿ ಕೆಲಸ ಬೆಳೆದ ಬಗೆಯನ್ನು ಈಗ ಒಂದೊಂದಾಗಿ ಹೇಳುತ್ತೇವೆ.

ಒಂದನೆಯದು, ಎಂಜಿನ್ ಕೂರುವ ಜಾಗ. ಎಂಜಿನ್ ನಿಲ್ಲುವುದು ರಬ್ಬರ್ ಮೆತ್ತೆಯಿಟ್ಟ ಕಬ್ಬಿಣದ ಕೈಗಳ ಮೇಲೆ. ಹಳೆಯ ಎಂಜಿನಿನ ಕೈಗಳು ಇರುವಲ್ಲಿ ಹೊಸದಕ್ಕೆ ತೂತುಗಳು ಇಲ್ಲ. ಹೊಸ ಕೈ ಮಾಡಿ ಬೆಸುಗೆ ಹಾಕಬೇಕು. ಒಂದು ಬೆರಳಷ್ಟು ಓರೆಯಾದರೂ ಹಿಂದಿನ ಎಲ್ಲವೂ ಓರೆ.

ಎರಡನೆಯದು, ಗೇರ್ ಪೆಟ್ಟಿಗೆ. ಹಳೆಯ ಪೆಟ್ಟಿಗೆ ಹೊಸ ಎಂಜಿನಿನ ಬೆನ್ನಿಗೆ ಕೂರುವುದಿಲ್ಲ. ಆದುದರಿಂದ ಎಂಜಿನನ್ನು ಅದರ ಗೇರ್ ಪೆಟ್ಟಿಗೆ, ಕ್ಲಚ್ಚಿನ ಸಮೇತ ಕೊಳ್ಳಬೇಕು. ಆ ಪೆಟ್ಟಿಗೆಯ ಹಿಡಿ ನೆಲದಲ್ಲಿ ಬರುವಂಥದ್ದು. ನೆಲವನ್ನು ಕತ್ತರಿಸಬೇಕು. ಮುಂದೆ ಮೂವರು ಕೂರುತ್ತಿದ್ದ ಉದ್ದನೆಯ ಸೀಟಿನಲ್ಲಿ ಇನ್ನು ನಡುವೆ ಒಬ್ಬರು ಆರಾಮವಾಗಿ ಕೂರುವಂತಿಲ್ಲ. ಎಂಜಿನ್ ಬದಲಿಸಲು ಹೋಗಿ ಒಬ್ಬ ಪ್ರಯಾಣಿಕ ಕಡಿಮೆಯಾದ, ನೋಡಿ.

ಮೂರನೆಯದು, ಗೇರ್ ಪೆಟ್ಟಿಗೆಯಿಂದ ಹಿಂದಿನ ಆಕ್ಸಲಿಗೆ ಹೋಗುವ ಉದ್ದನೆಯ ಶಾಫ್ಟು. ಪೆಟ್ಟಿಗೆಯ ಉದ್ದ ಬೇರೆಯಾದುದರಿಂದ ಶಾಫ್ಟನ್ನು ಕತ್ತರಿಸಿ ಬೆಸೆದು, ಯಂತ್ರದ ಮೇಲೆ ತಿರುಗಿಸಿ ತೂಕ ಸರಿಮಾಡಿಸಬೇಕು. ಗಿರಣಿಯಲ್ಲಿ ದುಡಿದ ಹಿರಿಯರಿಗೆ ಇದನ್ನು ಹೇಳಬೇಕಾಗಿಲ್ಲ. ತೂಕ ತಪ್ಪಿದ ಶಾಫ್ಟು ನಿಧಾನವಾಗಿ ತಿರುಗುವಾಗ ಸಾಧುವಿನಂತೆ ಇರುತ್ತದೆ, ವೇಗ ಹೆಚ್ಚಿದಾಗ ಬೇರಿಂಗನ್ನು ತಿನ್ನುತ್ತದೆ.

ನಾಲ್ಕನೆಯದು, ರೇಡಿಯೇಟರು. ಹೆಚ್ಚು ಶಕ್ತಿ ಎಂದರೆ ಹೆಚ್ಚು ಕಾವು. ದಾದರಿನ ಸಿಗ್ನಲ್ಲಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ನಿಂತ ಕಾರಿನ ಹಳೆಯ ರೇಡಿಯೇಟರು ಇಡ್ಲಿ ಪಾತ್ರೆಯ ಹಾಗೆ ಹಬೆ ಬಿಡತೊಡಗುತ್ತದೆ. ಅದಕ್ಕೆ ಹೊಸ ಜಾಲರಿ, ಹೊಸ ರಬ್ಬರ್ ಕೊಳವೆ, ಹೊಸ ಫ್ಯಾನು.

ಐದನೆಯದು, ಹೊಗೆಯ ಪೈಪು. ಅದನ್ನು ಸ್ಟಿಯರಿಂಗಿಗೂ ವೈರಿಗೂ ಬ್ರೇಕಿನ ಕೊಳವೆಗೂ ತಾಗದಂತೆ ಹೊಸದಾಗಿ ಬಗ್ಗಿಸಿ ತರಬೇಕು.

ಆರನೆಯದು, ವೈರಿಂಗು. ಹಳೆಯ ಕಾರಿನಲ್ಲಿ ಡೈನಮೋ, ಹೊಸ ಎಂಜಿನಿನಲ್ಲಿ ಆಲ್ಟರ್ನೇಟರು. ಆಲ್ಟರ್ನೇಟರು ಹೆಚ್ಚು ಕರೆಂಟು ಕೊಡುತ್ತದೆ. 1978ರ ವೈರಿನ ಮೇಲಿನ ರಬ್ಬರು ಬಿಸಿಲಿಗೆ ಒಣಗಿ ಹಪ್ಪಳವಾಗಿತ್ತು. ಹಪ್ಪಳದೊಳಗೆ ಹೆಚ್ಚು ಕರೆಂಟು ಬಿಟ್ಟರೆ ಏನಾಗುತ್ತದೆ ಎಂಬುದನ್ನು ಅಡಿಗೆಮನೆಯಲ್ಲಿ ಶಾರ್ಟ್ ಸರ್ಕಿಟ್ ಕಂಡ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಲೆಯಿಂದ ಬಾಲದ ತನಕ ವೈರು ಬದಲಾಯಿತು.

ಏಳನೆಯದು, ಪೆಟ್ರೋಲಿನ ದಾರಿ. ಟ್ಯಾಂಕಿನೊಳಗೆ ನಲವತ್ತು ವರ್ಷದ ತುಕ್ಕು. ಅದು ಬಂದು ಕಾರ್ಬುರೇಟರಿನ ಕಿರುತೂತುಗಳನ್ನು ಮುಚ್ಚುತ್ತದೆ. ಅಲ್ಲದೆ 2025ರ ಹೊತ್ತಿಗೆ ನಮ್ಮ ದೇಶದ ಪಂಪುಗಳಲ್ಲಿ ಪೆಟ್ರೋಲಿಗೆ ನೂರಕ್ಕೆ 20 ಪಾಲಿನಷ್ಟು ಎಥನಾಲ್ ಬೆರೆಸುವುದು ಬಂದಿದೆ. ಹಳೆಯ ಕಾಲದ ರಬ್ಬರ್ ಕೊಳವೆ, ವಾಷರುಗಳಿಗೆ ಎಥನಾಲ್ ಆಗದು. ಅವು ಉಬ್ಬುತ್ತವೆ, ಬಿರಿಯುತ್ತವೆ, ಸೋರುತ್ತವೆ. ಬಿಸಿ ಎಂಜಿನಿನ ಮೇಲೆ ಪೆಟ್ರೋಲು ಸೋರುವುದು ಎಷ್ಟು ಅಪಾಯವೆಂದು ಹೇಳಬೇಕಿಲ್ಲ. ಅವೆಲ್ಲ ಹೊಸವು.

ಎಂಟನೆಯದು ಬ್ರೇಕು. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಇಡೀ ವಿಷಯದ ಜೀವ ಇಲ್ಲಿದೆ. ಹಳೆಯ ಕಾರಿನ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು. ಅದನ್ನು ಮಾಡಿದ್ದು 55 ಅಶ್ವಶಕ್ತಿಯ ಎಂಜಿನ್ ಓಡಿಸುವ ವೇಗಕ್ಕೆ. ಕಾರು ನಿಲ್ಲಬೇಕಾದರೆ ಅದರ ಓಟದ ಶಕ್ತಿಯನ್ನು ಬ್ರೇಕು ಕಾವನ್ನಾಗಿ ಮಾಡಿ ಹೊರಹಾಕಬೇಕು. ಈ ಓಟದ ಶಕ್ತಿ ವೇಗ ಏರಿದಷ್ಟೇ ಏರುವುದಿಲ್ಲ, ಅದಕ್ಕಿಂತ ಹೆಚ್ಚು ಏರುತ್ತದೆ. ಗಂಟೆಗೆ 40 ಕಿಲೋಮೀಟರಿನಿಂದ 60ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಬ್ರೇಕಿನ ಕೆಲಸ ಎರಡೂಕಾಲು ಪಟ್ಟು. 40ರಿಂದ 80ಕ್ಕೆ ಹೋದರೆ ವೇಗ ಎರಡು ಪಟ್ಟು, ಬ್ರೇಕಿನ ಕೆಲಸ ನಾಲ್ಕು ಪಟ್ಟು. ಘಾಟಿ ಏರಲು ಎಂಜಿನ್ ಬೇಕು ಎಂದಿದ್ದರು ಫಿಟ್ಟರಣ್ಣ. ಏರಿದ ಘಾಟಿಯನ್ನು ಇಳಿಯಬೇಕಲ್ಲ? ಇಳಿಯುವಾಗ ಕಾಪಾಡುವುದು ಯಾವುದು? ಆದುದರಿಂದ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಬಂತು, ಕಾಲಿನ ಒತ್ತಿಗೆ ಸಹಾಯ ಮಾಡುವ ಬೂಸ್ಟರು ಬಂತು, ಒಂದು ಕೊಳವೆ ಒಡೆದರೂ ಇನ್ನೊಂದು ಹಿಡಿಯುವಂತೆ ಎರಡು ದಾರಿಯ ಮಾಸ್ಟರ್ ಸಿಲಿಂಡರು ಬಂತು.

ಒಂಬತ್ತನೆಯದು, ಮುಂದಿನ ತಿರುಚು ಸಲಾಕೆಗಳು, ಹಿಂದಿನ ಪಟ್ಟಿ ಸ್ಪ್ರಿಂಗುಗಳು, ಸ್ಟಿಯರಿಂಗಿನ ಕೀಲುಗಳು. ಹಳೆಯ ಎಂಜಿನಿನ ನಿಧಾನ ನಡೆಯಲ್ಲಿ ಇವುಗಳ ಸಡಿಲ ಗೊತ್ತಾಗುತ್ತಿರಲಿಲ್ಲ. ಮುದುಕನ ಮೊಣಕಾಲು ಮೆಲ್ಲಗೆ ನಡೆದಾಗ ನೋಯುವುದಿಲ್ಲ, ಓಡಿಸಿದಾಗ ತಿಳಿಯುತ್ತದೆ.

ಹತ್ತನೆಯದು, ಕಾರಿನ ಮೈ. ಲಾರಿಗೆ ಇರುವ ಹಾಗೆ ಅಂಬಾಸಿಡರಿಗೆ ಬೇರೆ ಚಾಸಿ ಇಲ್ಲ. ಅದರ ತಗಡಿನ ಮೈಯೇ ಬೆನ್ನೆಲುಬು. ಮುಂಬಯಿಯ ಉಪ್ಪುಗಾಳಿ, ನಲವತ್ತು ಮಳೆಗಾಲ. ನೆಲದ ರತ್ನಗಂಬಳಿ ಎತ್ತಿದರೆ ಕೆಳಗೆ ರಸ್ತೆ ಕಾಣಿಸಿತು. ಹೊಸ ಎಂಜಿನಿನ ಜಗ್ಗಾಟವನ್ನು ತಾಳಬೇಕಾದ ತಗಡೇ ತುಕ್ಕು ತಿಂದಿತ್ತು. ಎರಡೂ ಬಾಗಿಲುಗಳ ಕೆಳಗಿನ ದಿಂಡು, ಕಾಲಿಡುವ ನೆಲ, ಸ್ಪ್ರಿಂಗು ಹಿಡಿಯುವ ಜಾಗ ಎಲ್ಲ ಕತ್ತರಿಸಿ ಹೊಸ ತಗಡು ಬೆಸೆದರು. ನಾಲ್ಕು ತಿಂಗಳು ಇದಕ್ಕೇ ಹೋಯಿತು.

ಹನ್ನೊಂದನೆಯದು ಕಾಗದಪತ್ರ. ಅದನ್ನು ಆಮೇಲೆ ಹೇಳುತ್ತೇವೆ.

ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಫಿಟ್ಟರಣ್ಣ ಒಟ್ಟು ಕೂಡಿಸಿದ್ದಾರೆ. ಎಂಜಿನಿಗೂ ಗೇರ್ ಪೆಟ್ಟಿಗೆಗೂ ಕೊಟ್ಟದ್ದು ಒಟ್ಟು ಖರ್ಚಿನಲ್ಲಿ ನಾಲ್ಕನೇ ಒಂದು ಪಾಲೂ ಆಗಲಿಲ್ಲ. ಉಳಿದ ಮುಕ್ಕಾಲು ಪಾಲನ್ನು ಕೇಳಿದ್ದು ಆ ಎಂಜಿನೇ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಹಳೆಯ ಕಾರು ಕಂಡಿರಲಿಲ್ಲ ಎಂದು ಅವರು ನಗುತ್ತಾರೆ.

ಬಂಧುಗಳೇ, ಇದು ಕಾರಿಗೆ ಮಾತ್ರ ಸೇರಿದ ವಿಚಾರವಲ್ಲ. ಯಾವ ಯಂತ್ರದಲ್ಲಿಯೂ ಒಂದು ಭಾಗ ಒಂಟಿಯಾಗಿ ಬಾಳುವುದಿಲ್ಲ. ಒಂದು ಕಡೆ ಬಲ ಹೆಚ್ಚಿಸಿದರೆ ಆ ಬಲವನ್ನು ಹೊರುವ ಇನ್ನೊಂದು ಕಡೆ ಇದ್ದೇ ಇರುತ್ತದೆ. ಗಿರಣಿಯ ಹಿರಿಯರು ಇದನ್ನು ತಮ್ಮ ಹಿರಿಯರಿಂದ ಕೇಳಿದ್ದಾರೆ. ಮೊದಲು ಗಿರಣಿಗೆ ಒಂದೇ ಉಗಿಯಂತ್ರ. ಅದು ಮಾಡಿನ ಕೆಳಗೆ ಉದ್ದಕ್ಕೆ ಹೋದ ಶಾಫ್ಟನ್ನು ತಿರುಗಿಸುತ್ತಿತ್ತು. ಅಲ್ಲಿಂದ ಒಂದೊಂದು ಯಂತ್ರಕ್ಕೆ ಒಂದೊಂದು ಪಟ್ಟಾ. 1915ರಲ್ಲಿ ಖೋಪೋಲಿಯಿಂದ ಟಾಟಾದವರ ಜಲವಿದ್ಯುತ್ತು ಮುಂಬಯಿಯ ಗಿರಣಿಗಳಿಗೆ ಬರತೊಡಗಿತು. ಉಗಿಯಂತ್ರದ ಜಾಗದಲ್ಲಿ ಮೋಟರು ಇಟ್ಟರಾಯಿತು ಎಂದು ಆರಂಭವಾದ ಬದಲಾವಣೆ, ಕಾಲ ಕಳೆದ ಹಾಗೆ ಯಂತ್ರಕ್ಕೊಂದು ಮೋಟರಾಗಿ, ಶಾಫ್ಟು ಪಟ್ಟಾಗಳು ಇಳಿದು, ಸಾಲುಗಳ ಜಾಗವೇ ಬದಲಾಯಿತು. ಯಂತ್ರದ ಬಲ ಹೆಚ್ಚಿದಾಗ ಮಾಲೀಕರ ಕಣ್ಣು ಕೈಗಳ ಮೇಲೆಯೂ ಬಿತ್ತು. ಒಬ್ಬ ನೇಕಾರ ಎರಡು ಮಗ್ಗದ ಬದಲು ಮೂರು ಮಗ್ಗ ನೋಡಿಕೊಳ್ಳಲಿ ಎಂಬ ಏರ್ಪಾಡಿನ ವಿರುದ್ಧವೇ ಅಲ್ಲವೇ 1928ರಲ್ಲಿ ಮುಂಬಯಿಯ ಗಿರಣಿಗಳು ಏಪ್ರಿಲಿನಿಂದ ಅಕ್ಟೋಬರಿನ ತನಕ ನಿಂತದ್ದು?

ಹೋಟೆಲಿನಲ್ಲಿಯೂ ಹಾಗೆಯೇ. ರುಬ್ಬುವ ಕಲ್ಲು ಹೋಗಿ ದೊಡ್ಡ ಗ್ರೈಂಡರು ಬಂತು ಎಂದರೆ ರುಬ್ಬುವವನಿಗೆ ಸುಖವಾಯಿತು ಎಂದು ಧಣಿಗಳು ಹೇಳುತ್ತಾರೆ. ಹಿಟ್ಟು ಎರಡು ಪಟ್ಟಾದಾಗ ದೋಸೆ ಎರಡು ಪಟ್ಟು, ಗಿರಾಕಿ ಎರಡು ಪಟ್ಟು, ತಟ್ಟೆ ಎರಡು ಪಟ್ಟು. ಕಾವಲಿಯ ಹತ್ತಿರ ನಿಲ್ಲುವವನು ಒಬ್ಬನೇ. ಮೋರಿಯ ಹತ್ತಿರ ಕೂರುವ ಕ್ಲೀನರು ಒಬ್ಬನೇ. ಎಂಜಿನ್ ಬದಲಾಯಿತು, ಬ್ರೇಕು ಸ್ಪ್ರಿಂಗು ಬದಲಾಗಲಿಲ್ಲ. ಆಮೇಲೆ ಹುಡುಗ ಜ್ವರ ಬಂದು ಮಲಗಿದರೆ ಹುಡುಗನೇ ಸೋಮಾರಿ!

ಆದುದರಿಂದ ಫಿಟ್ಟರಣ್ಣನ ಗ್ಯಾರೇಜಿನಲ್ಲಿ ಕೆಲಸ ಮಾಡಿದವರ ಸಂಗತಿಯನ್ನು ಹೇಳದೆ ಇದ್ದರೆ ನಾವು ಸಂಘದವರು ಎಂದು ಹೇಳಿಕೊಳ್ಳಲು ಬಾರದು. ಮೊದಲ ಗ್ಯಾರೇಜಿನ ಮಿಸ್ತ್ರಿ ಒಂದು ಮೊತ್ತಕ್ಕೆ ಗುತ್ತಿಗೆ ಹಿಡಿದಿದ್ದ. ಹದಿನೈದು ದಿನಕ್ಕೆ ಸರಿಯಾದ ಮೊತ್ತ. ಕೆಲಸ ಒಂದೂವರೆ ತಿಂಗಳು ದಾಟಿದರೂ ಹಣ ಅಷ್ಟೇ. ಕೈಕೆಳಗಿನ ಇಬ್ಬರು ಹುಡುಗರಿಗೆ ಅವನು ಏನು ಕೊಟ್ಟಾನು? ಅವರು ಕಾರಿನ ಅಡಿಯಲ್ಲಿ ಕಲ್ಲಿನ ಮೇಲೆ ಮಲಗಿ, ಜಾಕಿಗೆ ಆಸರೆಯಿಲ್ಲದೆ, ಎಂಜಿನನ್ನು ಮಾಡಿನ ತೊಲೆಗೆ ಕಟ್ಟಿದ ಸರಪಳಿಯಲ್ಲಿ ಎತ್ತಿ ಇಳಿಸುತ್ತಿದ್ದರು. ಒಂದು ದಿನ ಸರಪಳಿ ಜಾರಿತು. ಹುಡುಗ ಕೈ ಹಿಂದಕ್ಕೆ ಎಳೆದುಕೊಂಡದ್ದರಿಂದ ಬೆರಳು ಉಳಿಯಿತು. ಮರುದಿನ ಮಿಸ್ತ್ರಿ ಕೆಲಸ ಬಿಟ್ಟ. ಜನ ಅವನನ್ನು ಮೋಸಗಾರ ಎಂದರು. ಫಿಟ್ಟರಣ್ಣ ಹಾಗೆ ಹೇಳಲಿಲ್ಲ. ಕೆಲಸ ಹಿಗ್ಗಿತು, ಕೂಲಿ ಹಿಗ್ಗಲಿಲ್ಲ, ಹಾಗಿದ್ದ ಮೇಲೆ ಅವನು ಎಷ್ಟು ದಿನ ನಿಂತಾನು ಎಂದು ಕೇಳಿದರು.

ಆಮೇಲೆ ಅವರು ಬೇರೆ ಗ್ಯಾರೇಜಿನಲ್ಲಿ ಬೇರೆ ಬಗೆಯ ಕರಾರು ಮಾಡಿದರು. ಹಂತಕ್ಕೆ ಇಷ್ಟು ಹಣ. ಹಂತ ಮುಗಿದ ಮೇಲೆ ಮುಂದಿನ ಹಂತವನ್ನು ಇಬ್ಬರೂ ಕೂತು ಬರೆಯುವುದು. ಹುಡುಗರ ದಿನಗೂಲಿ ಬೇರೆಯಾಗಿ, ಅವರ ಕೈಗೇ. ಎಂಜಿನ್ ಎತ್ತಲು ಬಾಡಿಗೆಗೆ ತಂದ ಕ್ರೇನು. ಕಾರಿನ ಅಡಿಗೆ ನಾಲ್ಕು ಗಟ್ಟಿ ಆಸರೆ. ಖರ್ಚು ಹೆಚ್ಚಾಯಿತೇ ಎಂದು ಕೇಳಿದೆವು. ಆ ಖರ್ಚು ಮೊದಲೂ ಇತ್ತು, ಹುಡುಗರ ಮೈಮೇಲೆ ಬರೆದಿದ್ದರು, ಈಗ ಪುಸ್ತಕದಲ್ಲಿ ಬರೆದೆ ಎಂದರು. ಈ ಮಾತನ್ನು ನಾವು ಬಹಳ ದಿನ ಮರೆಯಲಾರೆವು.

ಇನ್ನು ಹನ್ನೊಂದನೆಯ ಕೆಲಸ, ಕಾಗದಪತ್ರ. ನಮ್ಮ ಗೆಳೆಯರ ಅರ್ಜಿಗೆ ಇದೇ ಮುಖ್ಯ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಲ್ಲಿ ವಾಹನವನ್ನು ಮಾರ್ಪಡಿಸುವ ವಿಚಾರ ಇದೆ. ನೋಂದಣಿ ಪುಸ್ತಕದಲ್ಲಿ ಬರೆದಿರುವ ವಿವರವನ್ನು ನಮ್ಮ ಇಷ್ಟದಂತೆ ಬದಲಿಸಲು ಬಾರದು. ಎಂಜಿನ್ ಬದಲಿಸುವ ಮುನ್ನ ಆರ್.ಟಿ.ಓ. ಕಚೇರಿಯ ಅನುಮತಿ ಬೇಕು, ಬದಲಿಸಿದ ಮೇಲೆ ಹೊಸ ಎಂಜಿನಿನ ನಂಬರು ಪುಸ್ತಕದಲ್ಲಿ ಏರಬೇಕು. ಇಲ್ಲವಾದರೆ ನಾಳೆ ಅಪಘಾತವಾದಾಗ ವಿಮೆಯವರು ಪುಸ್ತಕ ಒಂದು ಹೇಳುತ್ತದೆ, ಕಾರು ಒಂದು ಹೇಳುತ್ತದೆ ಎಂದು ಕೈಕೊಡವಲು ದಾರಿಯಾಗುತ್ತದೆ. ಕೇಳಿದ ಕೂಡಲೇ ಅನುಮತಿ ಸಿಕ್ಕೇ ಸಿಗುತ್ತದೆ ಎಂದೂ ತಿಳಿಯಬಾರದು. ಫಿಟ್ಟರಣ್ಣ ಅನುಮತಿಯ ಕಾಗದ ಕೈಗೆ ಬರುವ ತನಕ ಹಳೆಯ ಎಂಜಿನಿನ ಒಂದು ಬೋಲ್ಟನ್ನೂ ಸಡಿಲಿಸಲಿಲ್ಲ. ಎಂಜಿನ್ ಕೊಳ್ಳುವಾಗಲೂ ಅದು ಯಾವ ಕಾರಿನಿಂದ ಬಂದದ್ದು ಎಂಬ ಕಾಗದ ಕೇಳಿ ಪಡೆದರು. ಕದ್ದ ಕಾರಿನ ಎಂಜಿನ್ ಆಗಿದ್ದರೆ ಪೊಲೀಸರು ಹುಡುಕಿಕೊಂಡು ಬರುವುದು ಕೊಂಡವನ ಮನೆಗೆ.

ಖಾಸಗಿ ಕಾರಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನೋಂದಣಿ ಮುಂದುವರಿಸಬೇಕು. ಮಹಾರಾಷ್ಟ್ರದಲ್ಲಿ ಪರಿಸರ ತೆರಿಗೆಯೂ ಇದೆ. 2021ರಲ್ಲಿ ಕೇಂದ್ರ ಸರಕಾರವು 50 ವರ್ಷ ದಾಟಿದ ಹಳೆಯ ವಾಹನಗಳಿಗೆ ಬೇರೆ ನೋಂದಣಿಯ ನಿಯಮ ತಂದಿದೆ. ಆದರೆ ಅದು ಮೂಲ ರೂಪದಲ್ಲೇ ಇರುವ ವಾಹನಗಳಿಗೆ. ಎಂಜಿನನ್ನೋ ಮೈಯನ್ನೋ ದೊಡ್ಡದಾಗಿ ಮಾರ್ಪಡಿಸಿದ್ದಕ್ಕೆ ಆ ಗೌರವ ಇಲ್ಲ. ಆ ನೋಂದಣಿ ಇದ್ದ ಕಾರನ್ನು ದಿನನಿತ್ಯ ಓಡಿಸುವಂತೆಯೂ ಇಲ್ಲ, ದುಡಿಮೆಗೆ ಬಿಡುವಂತೆಯೂ ಇಲ್ಲ.

ಬಾಡಿಗೆಯ ಮಾತಿಗೆ ಬರೋಣ. ಖಾಸಗಿ ನಂಬರಿನ ಕಾರನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ಬಾಡಿಗೆಗೆ ಬೇರೆ ನೋಂದಣಿ ಬೇಕು, ಪರ್ಮಿಟ್ಟು ಬೇಕು. ಮುಂಬಯಿಯ ಟ್ಯಾಕ್ಸಿಗಳಿಗೆ 20 ವರ್ಷದ ವಯಸ್ಸಿನ ಮಿತಿ ಇದೆ. ಕುರ್ಲಾದಲ್ಲಿ ಹುಟ್ಟಿ, ಊರಿನ ರೈಲು ಹತ್ತಲು ಹೊರಟ ನಮ್ಮ ಟ್ರಂಕುಗಳನ್ನು ತಲೆಯ ಮೇಲೆ ಹೊತ್ತು ಓಡಿದ ಕಪ್ಪು ಹಳದಿಯ ಪದ್ಮಿನಿ ಟ್ಯಾಕ್ಸಿಗಳು ಈ ಮಿತಿಯಿಂದಲೇ 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಮರೆಯಾದವು. ಅವುಗಳ ಎಂಜಿನ್ ಕೆಟ್ಟಿತ್ತೇ? ಎಷ್ಟೋ ಡ್ರೈವರುಗಳು ಹೊಸ ಎಂಜಿನ್ ಹಾಕಲು ಸಿದ್ಧರಿದ್ದರು. ಎಂಜಿನ್ ಎಷ್ಟೇ ಹೊಸದಾದರೂ ಪುಸ್ತಕದಲ್ಲಿ ಕಾರಿನ ವಯಸ್ಸು ಹೊಸದಾಗುವುದಿಲ್ಲ. ಹಾಗಾಗಿ ಹಳೆಯ ಅಂಬಾಸಿಡರಿಗೆ ಎಷ್ಟು ಹಣ ಹಾಕಿದರೂ ಬಾಡಿಗೆಯ ದಾರಿ ತೆರೆಯುವ ಭರವಸೆ ಇಲ್ಲ. ಸಾಲ ತೀರುವ ಲೆಕ್ಕವೇ ಆ ಬಾಡಿಗೆಯ ಮೇಲೆ ನಿಂತಿದೆ.

ಹಾಗಾದರೆ ಫಿಟ್ಟರಣ್ಣ ಮಾಡಿದ್ದು ವ್ಯರ್ಥವೇ? ಅಲ್ಲ. ಅವರು ತಮ್ಮ ಹಣ ಹಾಕಿದರು, ಲಾಭ ಕೇಳಲಿಲ್ಲ. ಕೆಲಸ ಹಿಗ್ಗಿದಂತೆ ಅವರಿಗೆ ಇನ್ನೊಂದು ಸಂಗತಿಯೂ ಹಿಗ್ಗಿತು. ರಜೆಯ ದಿನ ನೋಡಲು ಬರುತ್ತಿದ್ದ ನಮ್ಮ ಹೋಟೆಲ್ ಹುಡುಗರ ಕೈಗೆ ಪಾನಾ ಕೊಟ್ಟರು. ಒಬ್ಬ ವೈರಿಂಗು ಕಲಿತ. ಒಬ್ಬ ಬೆಸುಗೆ ಹಿಡಿದ. ಅವನು ಈಗ ಕುರ್ಲಾದ ವರ್ಕ್‌ಶಾಪಿನಲ್ಲಿ ದುಡಿಯುತ್ತಿದ್ದಾನೆ, ಮೋರಿಯ ನೀರಿನಿಂದ ಬೆರಳ ಸಂದಿ ಕೊಳೆಯುವುದು ತಪ್ಪಿತು. ಒಂದು ಎಂಜಿನ್ ಬದಲಿಸಲು ಹೋಗಿ ಒಬ್ಬ ಹುಡುಗನ ದಾರಿ ಬದಲಾಯಿತು ಎಂದರೆ ಅದನ್ನು ಖರ್ಚಿನ ಕಡೆ ಬರೆಯಲು ನಮಗೆ ಮನಸ್ಸಿಲ್ಲ. ಕಾರು ಕಶೇಡಿ ಘಾಟಿಯನ್ನು ಏರಿತು. ಅದಕ್ಕಿಂತ ಮುಖ್ಯ, ಸುಖವಾಗಿ ಇಳಿಯಿತು.

ಈ ಎಲ್ಲವನ್ನು ನೋಡಿ ನಮಗೆ ತೋಚಿದ್ದನ್ನು ಸಭೆಯ ಮುಂದೆ ಇಡುತ್ತೇವೆ.

ಮೊದಲನೆಯದಾಗಿ, ಇಂಥ ಕೆಲಸಕ್ಕೆ ಕೈ ಹಾಕುವವರು ಕಾರು ಯಾತಕ್ಕೆ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಬೇಕು. ದುಡಿಮೆಗೆ ಎಂದಾದರೆ ಮೊದಲು ಪರ್ಮಿಟ್ಟಿನ ಬಾಗಿಲು ತಟ್ಟಬೇಕು, ಆಮೇಲೆ ಗ್ಯಾರೇಜಿನದು. ಎರಡನೆಯದಾಗಿ, ಎಂಜಿನ್ ಕೊಳ್ಳುವ ಮುಂಚೆ ಕಾರನ್ನು ಎತ್ತಿ ಅಡಿ ನೋಡಬೇಕು. ತುಕ್ಕು ತಿಂದ ಮೈಗೆ ಹೊಸ ಎಂಜಿನ್ ಎಂದರೆ ಕುಸಿದ ಗೋಡೆಗೆ ಹೊಸ ಮಾಡು. ಮೂರನೆಯದಾಗಿ, ಕೆಲಸದ ಕ್ರಮ ಹೀಗಿರಬೇಕು: ಮೊದಲು ಮೈ, ಆಮೇಲೆ ಬ್ರೇಕು, ಆಮೇಲೆ ಸ್ಪ್ರಿಂಗು ಸ್ಟಿಯರಿಂಗು, ಆಮೇಲೆ ವೈರು, ಕೊನೆಗೆ ಎಂಜಿನ್. ನಿಲ್ಲುವುದನ್ನು ಕಲಿಸಿದ ಮೇಲೆ ಓಡುವುದನ್ನು ಕಲಿಸಬೇಕು. ಹಣ ನಡುವೆ ಮುಗಿದರೂ ಹಾಗಾದರೆ ಹಳೆಯ ಎಂಜಿನಿನಲ್ಲೇ ಓಡುವ ಗಟ್ಟಿ ಕಾರು ಕೈಯಲ್ಲಿ ಉಳಿಯುತ್ತದೆ. ನಾಲ್ಕನೆಯದಾಗಿ, ಪಟ್ಟಿ ಎಷ್ಟೇ ಉದ್ದವಾಗಿರಲಿ, ಪಟ್ಟಿಯಲ್ಲಿ ಇಲ್ಲದ್ದಕ್ಕೆ ಎಂದು ಬೇರೆ ಹಣ ತೆಗೆದಿಡಬೇಕು. ಐದನೆಯದಾಗಿ, ಗುತ್ತಿಗೆ ಹಂತದ ಲೆಕ್ಕದಲ್ಲಿರಲಿ, ಕೂಲಿಯ ಹುಡುಗರ ಹೆಸರಿನಲ್ಲಿ ಬೇರೆ ಸಾಲು ಇರಲಿ. ಕಾರ್ಮಿಕರ ನಿಧಿಯ ಹಣ ಇನ್ನೊಬ್ಬ ಕಾರ್ಮಿಕನ ಬೆರಳು ತಿನ್ನಬಾರದು.

ಅರ್ಜಿಯ ವಿಷಯದಲ್ಲಿ ನಮ್ಮ ಸಲಹೆ ಇದು. ಬಾಡಿಗೆ ದುಡಿಮೆಗೆಂದು ಹಳೆಯ ಕಾರಿಗೆ ಎಂಜಿನ್ ಬದಲಿಸಲು ನಿಧಿಯಿಂದ ಸಾಲ ಕೊಡುವುದು ಬೇಡ. ಆದರೆ ಈ ಗೆಳೆಯರನ್ನು ಬರಿಗೈಯಲ್ಲಿ ಕಳುಹಿಸುವುದೂ ಬೇಡ. ಅವರ ಹುರುಪು ನಮ್ಮ ಸೊತ್ತು. ನಾಲ್ವರಲ್ಲಿ ಒಬ್ಬರಿಗೆ ಡ್ರೈವಿಂಗ್ ಲೈಸೆನ್ಸು ಇದೆ. ವಯಸ್ಸಿನ ಮಿತಿಯೊಳಗಿನ, ಪರ್ಮಿಟ್ಟು ಇರುವ ಗಾಡಿಗೆ ಅವರು ಹೊಸ ಲೆಕ್ಕ ಹಾಕಿ ತರಲಿ, ಎರಡು ಸಾಲಿನದಲ್ಲ, ಹನ್ನೊಂದು ಸಾಲಿನದು. ಬೇಕಾದರೆ ನಾವೂ ಫಿಟ್ಟರಣ್ಣನೂ ಅವರ ಜೊತೆ ಕೂತು ಬರೆದುಕೊಡುತ್ತೇವೆ. ಹಳೆಯ ಕಾರಿನ ಕೆಲಸವನ್ನೇ ಕಲಿಯಬೇಕು ಎನ್ನುವವರಿಗೆ ಫಿಟ್ಟರಣ್ಣ ರಜೆಯ ದಿನ ಬೆಳಿಗ್ಗೆ ಹೇಳಿಕೊಡಲು ಒಪ್ಪಿದ್ದಾರೆ. ಹೆಸರು ಕೊಡುವವರು ಸಭೆ ಮುಗಿದ ಮೇಲೆ ಕಚೇರಿಯಲ್ಲಿ ಕೊಡಬಹುದು.

ಅಧ್ಯಕ್ಷರು ಈಗ ಈ ವಿಷಯವನ್ನು ಮತಕ್ಕೆ ಹಾಕುತ್ತಾರೆ. ಕೈ ಎತ್ತುವ ಮುಂಚೆ ನಿಮ್ಮ ನಿಧಿಯ ಪುಸ್ತಕವನ್ನು ಒಮ್ಮೆ ನೆನೆಯಿರಿ.